‘ಅನಿಲಿನ್’ ಎಂಬ ಹೆಸರಿನೊಳಗಿನ ನೀಲಿ: ಹತ್ತಿ ಬಟ್ಟೆಗೆ ಗಿಡದ ಬಣ್ಣ ಹಾಕಿದವರ ಚರಿತ್ರೆ

ಮ್ಯಾನ್‌ಹೈಮ್ ಊರಿಗೆ ಬಂದ ಹೊಸತರಲ್ಲಿ ಸಂಜೆ ಹೊತ್ತು ರೈನ್ ನದಿಯ ದಂಡೆಯಲ್ಲಿ ತಿರುಗಾಡಲು ಹೋಗುತ್ತಿದ್ದೆ. ಆಚೆ ದಂಡೆಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಒಂದು ದೊಡ್ಡ ರಾಸಾಯನಿಕ ಕಾರ್ಖಾನೆಯ ದೀಪಗಳು ನದಿಯುದ್ದಕ್ಕೂ ಹೊಳೆಯುತ್ತಿದ್ದವು. ಬಿ.ಎ.ಎಸ್.ಎಫ್. ಎಂಬ ನಾಲ್ಕು ಅಕ್ಷರಗಳನ್ನು ಜರ್ಮನಿಯಲ್ಲಿರುವ ನಾವೆಲ್ಲ ಬಲ್ಲೆವು. ಅವುಗಳ ಪೂರ್ಣರೂಪ ಮಾತ್ರ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ: ‘ಬಾಡಿಷೆ ಅನಿಲಿನ್ ಉಂಡ್ ಸೋಡಾ ಫಾಬ್ರಿಕ್’, ಅಂದರೆ ಬಾಡೆನ್ ಸೀಮೆಯ ಅನಿಲಿನ್ ಮತ್ತು ಸೋಡಾ ಕಾರ್ಖಾನೆ.

ಈ ‘ಅನಿಲಿನ್’ ಎಲ್ಲಿಂದ ಬಂತು ಎಂದು ಹುಡುಕಿದಾಗ ಹಾದಿ ನಮ್ಮ ಕಡೆಗೇ ತಿರುಗಿತು. ಸಂಸ್ಕೃತದ ‘ನೀಲ’, ‘ನೀಲೀ’ ಶಬ್ದಗಳು ಪರ್ಷಿಯನ್ ಮತ್ತು ಅರಬ್ಬಿಯಲ್ಲಿ ‘ನೀಲ್’ ಆದವು. ಅರಬ್ಬಿ ಉಪಪದ ಸೇರಿ ‘ಅನ್‌ನೀಲ್’ ಆಯಿತು. ಪೋರ್ಚುಗೀಸರ ಬಾಯಲ್ಲಿ ಅದು ‘ಅನಿಲ್’. 1840ರ ಸುಮಾರಿಗೆ ಫ್ರಿಟ್ಶೆ ಎಂಬ ಜರ್ಮನ್ ರಸಾಯನಜ್ಞ ನೀಲಿಯ ಗಟ್ಟಿಯನ್ನು ಕ್ಷಾರದೊಂದಿಗೆ ಕಾಯಿಸಿ ಒಂದು ಎಣ್ಣೆಯಂಥ ದ್ರವವನ್ನು ಪಡೆದು, ‘ಅನಿಲ್’ನಿಂದ ಹುಟ್ಟಿದ್ದೆಂದು ಅದಕ್ಕೆ ‘ಅನಿಲಿನ್’ ಎಂದು ಹೆಸರಿಟ್ಟ. ಅದೇ ವಸ್ತು ಕಲ್ಲಿದ್ದಲಿನ ಡಾಂಬರಿನಲ್ಲೂ ಇದೆ ಎಂಬುದನ್ನು 1843ರಲ್ಲಿ ಹಾಫ್‌ಮನ್ ತೋರಿಸಿದ. ಅಲ್ಲಿಂದ ಮುಂದೆ ಡಾಂಬರಿನಿಂದ ಬಣ್ಣ ತೆಗೆಯುವ ಉದ್ಯಮ ಬೆಳೆಯಿತು. ಮುಂದೆ ನಮ್ಮ ನೀಲಿಯ ಗಿಡವನ್ನು ಹೊಲದಿಂದ ಓಡಿಸಿದ ಕಾರ್ಖಾನೆ, ತನ್ನ ಹೆಸರಿನಲ್ಲೇ ಆ ನೀಲಿಯನ್ನು ಹೊತ್ತುಕೊಂಡಿದೆ!

ಈ ಲೇಖನಕ್ಕೆ ಇನ್ನೊಂದು ಪ್ರೇರಣೆ ಮನೆಯೊಳಗಿನದು. ಗದಗಿನ ಕಡೆಯಿಂದ ನಾನು ತಂದುಕೊಂಡ ಹಳೆಯ ಕೌದಿಯೊಂದನ್ನು ಒಮ್ಮೆ ಬುದ್ಧಿಗೆಟ್ಟು ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿದೆ. ಕೆಂಪು ತುಂಡಿನ ಬಣ್ಣ ಬಿಟ್ಟು ಸುತ್ತಲಿನ ಬಿಳಿಯ ತುಂಡುಗಳೆಲ್ಲ ಗುಲಾಬಿಯಾದವು. ಪಕ್ಕದ ಕಡುಕಪ್ಪು ತುಂಡು ಮಾತ್ರ ಇದ್ದ ಹಾಗೇ ಇತ್ತು. ಫೋನಿನಲ್ಲಿ ಅವ್ವ ಹೇಳಿದಳು: “ಅದು ನಿಮ್ಮ ಆಯಿ ಚಂದ್ರಕಾಳಿ ಸೀರಿ ತುಂಡು, ಅದರ ಬಣ್ಣ ಹೋಗಂಗಿಲ್ಲ. ಕೆಂಪಂದು ಜಾತ್ರ್ಯಾಗ ಅಗ್ಗಕ್ಕ ತಂದಿದ್ದು.” ಆ ತುಂಡುಗಳನ್ನು ನಾನು ಪ್ರಯೋಗಾಲಯಕ್ಕೆ ಕಳಿಸಿಲ್ಲ, ಆದ್ದರಿಂದ ಅವು ಗಿಡದ ಬಣ್ಣವೋ ಕಾರ್ಖಾನೆಯದೋ ಎಂದು ಹೇಳಲಾರೆ. ಆದರೆ ಒಂದು ಪ್ರಶ್ನೆ ಉಳಿಯಿತು. ಹತ್ತಿಯ ಮೇಲೆ ಬಣ್ಣ ನಿಲ್ಲಿಸುವುದು ಅಷ್ಟು ಕಷ್ಟವೆ? ಕಷ್ಟವಾದರೆ, ಅದನ್ನು ಸಾಧಿಸಿದವರು ಯಾರು, ಮತ್ತು ಅವರ ವಿದ್ಯೆ ಏನಾಯಿತು?

ಹತ್ತಿಗೆ ಬಣ್ಣ ಹತ್ತುವುದಿಲ್ಲ

ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯ, ಪ್ರೋಟೀನಿನ ಎಳೆಗಳು. ಬಣ್ಣದ ಕಣಗಳನ್ನು ಹಿಡಿದುಕೊಳ್ಳುವ ಜಾಗಗಳು ಅವುಗಳಲ್ಲಿ ಬೇಕಾದಷ್ಟಿವೆ. ಹತ್ತಿ ಸಸ್ಯಜನ್ಯ, ಸೆಲ್ಯುಲೋಸಿನ ಎಳೆ. ಮೇಲಿನ ಮೇಣವನ್ನು ತೆಗೆದ ಮೇಲೂ ಅದು ಹೆಚ್ಚಿನ ಗಿಡದ ಬಣ್ಣಗಳನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅರಿಸಿನದ ನೀರಿನಲ್ಲಿ ಅದ್ದಿದ ಪಂಚೆ ಮದುವೆಯ ದಿನ ಹೊನ್ನಿನಂತೆ ಹೊಳೆಯುತ್ತದೆ, ನಾಲ್ಕು ದಿನ ಬಿಸಿಲಿಗೆ ಒಣಗಿಸಿದರೆ ಮಂಕಾಗುತ್ತದೆ. ಗಿಡದ ಬಣ್ಣವೆಲ್ಲ ಗಟ್ಟಿ, ಕಾರ್ಖಾನೆಯ ಬಣ್ಣವೆಲ್ಲ ಕಚ್ಚಾ ಎಂಬ ಇಂದಿನ ಮಾತು ಈ ಕಾರಣಕ್ಕೆ ಪೂರ್ತಿ ನಿಜವಲ್ಲ. ಗಿಡ ಬಣ್ಣವನ್ನು ಕೊಡುತ್ತದೆ. ಅದನ್ನು ನಿಲ್ಲಿಸುವುದು ಬಣ್ಣಗಾರನ ವಿದ್ಯೆ.

ಆ ವಿದ್ಯೆಯ ಗುಟ್ಟು ಮೂರನೆಯ ವಸ್ತುವೊಂದರಲ್ಲಿದೆ. ಬಟ್ಟೆಗೂ ಬಣ್ಣಕ್ಕೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುವ ಲೋಹದ ಲವಣ ಅದು. ಮುಖ್ಯವಾಗಿ ಪಟಿಕ, ಇಲ್ಲವೆ ಕಬ್ಬಿಣದ ಸಾರ. ಫ್ರೆಂಚರು ಇದನ್ನು ‘ಕಚ್ಚುವಂಥದ್ದು’ ಎಂಬರ್ಥದ ‘ಮೊರ್ದಾಂ’ ಎಂದು ಕರೆದರು. ಜರ್ಮನ್ನರ ‘ಬೈಟ್ಸೆ’ ಎಂಬ ಶಬ್ದವೂ ಕಚ್ಚು ಎಂಬ ಧಾತುವಿನಿಂದಲೇ ಬಂದದ್ದು, ಕಚ್ಚಿಸುವುದು ಎಂದು ಅದರ ಮೂಲಾರ್ಥ. ನಾವೂ ‘ಬಣ್ಣ ಕಚ್ಚಿಕೊಂಡಿದೆ’ ಎನ್ನುವುದಿಲ್ಲವೆ? ಆದರೆ ಹತ್ತಿ ಪಟಿಕವನ್ನೂ ಸರಿಯಾಗಿ ಹಿಡಿಯದು. ಅದಕ್ಕೆ ಮೊದಲು ಒಗರು ಬೇಕು. ಅಳಲೆಕಾಯಿಯ ಒಗರು ಎಳೆಗೆ ಅಂಟಿ, ಒಗರು ಪಟಿಕವನ್ನು ಹಿಡಿದು, ಪಟಿಕ ಬೇರಿನ ಕೆಂಪನ್ನು ಹಿಡಿಯುತ್ತದೆ. ಒಬ್ಬರ ಕೈ ಇನ್ನೊಬ್ಬರು ಹಿಡಿದು ನಿಂತ ಸರಪಳಿಯಂತೆ. ಒಂದೇ ಬೇರಿನ ನೀರು ಪಟಿಕ ಹಚ್ಚಿದ ಕಡೆ ಕೆಂಪು, ಕಬ್ಬಿಣ ಹಚ್ಚಿದ ಕಡೆ ಕಪ್ಪು ಅಥವಾ ನೇರಳೆ, ಏನೂ ಹಚ್ಚದ ಕಡೆ ತೊಳೆದರೆ ಹೋಗುವ ಮಾಸಲು ಕಲೆ. ರಸಾಯನಶಾಸ್ತ್ರದ ಪುಸ್ತಕವಿಲ್ಲದೆ, ಕೈ, ಕಣ್ಣು ಮತ್ತು ನಾಲಿಗೆಯಿಂದಲೇ ಇಷ್ಟನ್ನು ಕಂಡುಕೊಂಡವರು ಭಾರತದ ಬಣ್ಣಗಾರರು.

ಎಷ್ಟು ಹಳೆಯದು?

ಮೊಹೆಂಜೊದಾರೋದ ಉತ್ಖನನದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಹತ್ತಿ ಬಟ್ಟೆಯ ಚೂರು ಸಿಕ್ಕಿತು. ಲೋಹದ ಲವಣಗಳೇ ಅದನ್ನು ಕೊಳೆಯದಂತೆ ಕಾದಿದ್ದವು. ಮಂಜಿಷ್ಠದ ಜಾತಿಯ ಬೇರಿನಿಂದ ಅದಕ್ಕೆ ಬಣ್ಣ ಹಾಕಲಾಗಿತ್ತು ಎಂದು ಪರೀಕ್ಷಿಸಿದವರು ವರದಿ ಮಾಡಿದರು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಲ್ಲೇ ಸಿಂಧೂ ಬಯಲಿನವರಿಗೆ ಹತ್ತಿಗೆ ಕೆಂಪು ಕಚ್ಚಿಸುವ ವಿದ್ಯೆ ಗೊತ್ತಿತ್ತು ಎಂದಾಯಿತು. ಆದರೆ ಎಲ್ಲದರಲ್ಲೂ ನಾವೇ ಮೊದಲು ಎಂದು ಹೇಳಿಕೊಳ್ಳುವ ಅಗತ್ಯವಿಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಹುವಾಕಾ ಪ್ರಿಯೇಟಾ ಎಂಬಲ್ಲಿ ಸುಮಾರು 6000 ವರ್ಷಗಳಷ್ಟು ಹಳೆಯ, ನೀಲಿ ಬಣ್ಣದ ಹತ್ತಿ ಬಟ್ಟೆ ಸಿಕ್ಕಿದೆ ಎಂದು 2016ರಲ್ಲಿ ಪ್ರಕಟವಾಯಿತು. ಹತ್ತಿ ಬೆಳೆದ ಎರಡು ನೆಲಗಳಲ್ಲಿ, ಒಬ್ಬರನ್ನೊಬ್ಬರು ಅರಿಯದ ಜನ ಬೇರೆ ಬೇರೆಯಾಗಿ ಬಣ್ಣವನ್ನು ಕಂಡುಕೊಂಡರು.

ಭಾರತದ ಬಣ್ಣದ ಖ್ಯಾತಿ ಪಶ್ಚಿಮಕ್ಕೆ ಬೇಗ ಮುಟ್ಟಿತು. ರೋಮಿನ ಪ್ಲಿನಿ ನೀಲಿಯನ್ನು ‘ಇಂಡಿಕಮ್’ ಎಂದು ಕರೆದ, ‘ಇಂಡಿಗೋ’ ಆದದ್ದು ಅದೇ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್, ಯೋಬನ ಗ್ರಂಥದಲ್ಲಿ ಜ್ಞಾನಕ್ಕೆ ಬೆಲೆ ಕಟ್ಟಲಾಗದು ಎಂದು ಹೇಳುವ ಕಡೆ ಭಾರತದ ಬಣ್ಣದ ಬಟ್ಟೆಗಳ ಹೋಲಿಕೆಯನ್ನು ತಂದಿದ್ದಾನೆ. ಈಜಿಪ್ಟಿನ ಫುಸ್ತಾತ್‌ನ ತಿಪ್ಪೆಗಳಲ್ಲಿ ಗುಜರಾತಿನ ಅಚ್ಚು ಬಟ್ಟೆಗಳ ಚೂರುಗಳು ದೊರೆತಿವೆ. ಅಂಥ ಸುಮಾರು 1200 ತುಂಡುಗಳು ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿವೆ. ಅವು ರಾಜರ ಉಡುಪಲ್ಲ, ಸಾಮಾನ್ಯರು ಉಟ್ಟು ಹರಿದು ಬಿಸಾಡಿದ ಬಟ್ಟೆಗಳು. ಅಷ್ಟು ನೂರು ವರ್ಷ ಮಣ್ಣಿನಲ್ಲಿದ್ದೂ ಅವುಗಳ ಕೆಂಪು, ನೀಲಿ ಇನ್ನೂ ಕಾಣುತ್ತವೆ.

ಒಂದು ಬಟ್ಟೆ ಕೆಂಪಾಗುವ ಬಗೆ

ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಯುರೋಪನ್ನು ಮರುಳುಮಾಡಿದ್ದು ಕೋರಮಂಡಲ ಕರಾವಳಿಯ ಬಣ್ಣದ ಹತ್ತಿ ಬಟ್ಟೆ. ನಾವು ಚೀಟಿ ಬಟ್ಟೆ ಎನ್ನುವುದನ್ನು ಇಂಗ್ಲಿಷರು ‘ಚಿಂಟ್ಸ್’ ಎಂದರು, ಜರ್ಮನ್ನರು ‘ಚಿಟ್ಸ್’ ಎಂದರು. ಅದರ ಕೆಂಪು ಬಂದದ್ದು ‘ಚಾಯ’ ಎಂಬ ಪುಟ್ಟ ಗಿಡದ ಬೇರಿನಿಂದ. ಕಡಲದಂಡೆಯ ಮರಳುನೆಲದಲ್ಲಿ, ಚಿಪ್ಪಿನ ಸುಣ್ಣ ಬೆರೆತ ಕಡೆ ಬೆಳೆದ ಬೇರಿಗೆ ಬೆಲೆ ಹೆಚ್ಚು. ಅದರ ಕೆಂಪಿನ ಮೂಲವಸ್ತು, ಯುರೋಪಿನ ಮಂಜಿಷ್ಠದಲ್ಲಿರುವ ಅಲಿಜರಿನ್ ಎಂಬುದೇ.

ಈ ವಿದ್ಯೆಯನ್ನು ಬರೆದಿಟ್ಟ ಎರಡು ಫ್ರೆಂಚ್ ದಾಖಲೆಗಳು ಬಹಳ ಮುಖ್ಯವಾದವು. 1734ರ ಹೊತ್ತಿಗೆ ಪುದುಚೇರಿಯಲ್ಲಿದ್ದ ಬೋಲ್ಯು ಎಂಬ ನೌಕಾಧಿಕಾರಿ ಬಣ್ಣಗಾರರ ಕೆಲಸವನ್ನು ಎದುರಿಗೆ ಕೂತು ನೋಡಿ, ಪ್ರತಿಯೊಂದು ಹಂತ ಮುಗಿದಾಗಲೂ ಬಟ್ಟೆಯ ಒಂದು ಚೂರನ್ನು ಕತ್ತರಿಸಿ ಹಾಳೆಗೆ ಅಂಟಿಸಿದ. ಆ ಹಸ್ತಪ್ರತಿ ಚೂರುಗಳ ಸಮೇತ ಪ್ಯಾರಿಸ್ಸಿನಲ್ಲಿ ಉಳಿದಿದೆ. ಎರಡನೆಯದು 1742ರಲ್ಲಿ ಕೂರ್‌ದೂ ಎಂಬ ಜೆಸ್ವಿಟ್ ಪಾದ್ರಿ ಬರೆದ ಪತ್ರ. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸನಿಗಿಂತ ಮುಂಚೆಯೇ ಗುರುತಿಸಿದ ವಿದ್ವಾಂಸ ಈತ. ಕ್ರೈಸ್ತರಾದ ಬಣ್ಣಗಾರರನ್ನು ಕೇಳಿ ಕೇಳಿ ತಿಳಿದುಕೊಂಡು ಬರೆದ.

ಈ ಎರಡು ದಾಖಲೆಗಳಿಂದ ತಿಳಿಯುವ ಕ್ರಮ ಹೀಗಿದೆ. ಬಟ್ಟೆಯನ್ನು ಚೆನ್ನಾಗಿ ತೊಳೆದು ಬಡಿದು ಗಂಜಿ ತೆಗೆಯುತ್ತಾರೆ. ಅಳಲೆಕಾಯಿಯ ಪುಡಿಯನ್ನು ಎಮ್ಮೆಯ ಹಾಲಿನಲ್ಲಿ ಕಲಸಿ ಅದರಲ್ಲಿ ನೆನೆಸಿ ಹಿಂಡಿ ಒಣಗಿಸುತ್ತಾರೆ. ಅಳಲೆ ಒಗರಿಗಾಗಿ. ಹಾಲಿನ ಜಿಡ್ಡು, ಮುಂದೆ ಹಚ್ಚುವ ದ್ರವ ಗೆರೆ ದಾಟಿ ಹರಡದಂತೆ ತಡೆಯುವುದಕ್ಕೆ. ಆಮೇಲೆ ಬಟ್ಟೆಯನ್ನು ಮರದ ಕೊಡತಿಯಿಂದ ಬಡಿದು ನಯಮಾಡುತ್ತಾರೆ. ತುಕ್ಕು ಕಬ್ಬಿಣವನ್ನು ಹುಳಿನೀರಿನಲ್ಲಿ ಕೊಳೆಹಾಕಿ ತಯಾರಿಸಿದ ದ್ರವದಿಂದ ಕಪ್ಪು ಗೆರೆಗಳನ್ನು ಎಳೆಯುತ್ತಾರೆ. ಕೆಂಪು ಬೇಕಾದ ಕಡೆ ಪಟಿಕದ ನೀರು ಹಚ್ಚುತ್ತಾರೆ. ಪಟಿಕದ ನೀರಿಗೆ ಬಣ್ಣವಿಲ್ಲ, ಹಚ್ಚಿದ್ದು ಎಲ್ಲಿಯವರೆಗೆ ಎಂದು ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಸಪ್ಪಂಗದ ಚಕ್ಕೆಯ ಪುಡಿ ಬೆರೆಸುತ್ತಾರೆ. ಈ ಬಣ್ಣ ಮುಂದೆ ತೊಳೆದಾಗ ಹೋಗುತ್ತದೆ, ಬರೀ ಗುರುತಿಗೆ ಮಾತ್ರ. ಒಣಗಿದ ಬಟ್ಟೆಯನ್ನು ಚಾಯದ ಬೇರಿನ ಪುಡಿ ಹಾಕಿದ ನೀರಿನಲ್ಲಿ ಕಾಯಿಸಿದಾಗ ಪಟಿಕ ಹಚ್ಚಿದ ಕಡೆಯಲ್ಲೆಲ್ಲ ಕೆಂಪು ಏಳುತ್ತದೆ. ಬಿಳಿಯಾಗಿ ಉಳಿಯಬೇಕಾದ ಕಡೆ ಹತ್ತಿದ ಮಾಸಲನ್ನು ತೆಗೆಯಲು ಸಗಣಿ, ಹಿಕ್ಕೆಯ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಸಿ, ಮತ್ತೆ ಮತ್ತೆ ನೀರು ಚಿಮುಕಿಸುತ್ತಾರೆ. ನೀಲಿ ಬೇಕಾದ ಜಾಗ ಬಿಟ್ಟು ಉಳಿದುದಕ್ಕೆಲ್ಲ ಮೇಣ ಬಳಿದು ನೀಲಿಯಲ್ಲಿ ಅದ್ದುತ್ತಾರೆ. ಹಳದಿ ಕೊನೆಗೆ. ನೀಲಿಯ ಮೇಲೆ ಹಳದಿ ಹಚ್ಚಿದರೆ ಹಸಿರು. ಹಳೆಯ ಚೀಟಿ ಬಟ್ಟೆಗಳಲ್ಲಿ ಎಲೆಗಳು ಇಂದು ನೀಲಿಯಾಗಿ ಕಾಣುವುದಕ್ಕೆ ಕಾರಣ ಇದೇ: ಹಳದಿ ಹಾರಿಹೋಗಿ ಕೆಳಗಿನ ನೀಲಿ ಉಳಿದಿದೆ.

ಇಷ್ಟೆಲ್ಲ ವಾರಗಟ್ಟಲೆಯ ಕೆಲಸ. ಮಳೆ, ಬಿಸಿಲು, ಬಾವಿಯ ನೀರಿನ ಗುಣ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಒಂದು ಊರಿನಲ್ಲಿ ಕೆಂಪಾದದ್ದು ಇನ್ನೊಂದು ಊರಿನ ನೀರಿನಲ್ಲಿ ಅಷ್ಟೇ ಕೆಂಪಾಗದು.

ಆದರೆ ಗಮನಿಸಬೇಕಾದ್ದು ಬೇರೆ. ಬೋಲ್ಯುವಿನ ಹೆಸರು ಉಳಿಯಿತು, ಕೂರ್‌ದೂ ಹೆಸರು ಉಳಿಯಿತು. ತಮ್ಮ ತಾತ ಮುತ್ತಾತಂದಿರ ವಿದ್ಯೆಯನ್ನು ಬಿಚ್ಚಿ ಹೇಳಿದ ಬಣ್ಣಗಾರರ ಹೆಸರು ಚರಿತ್ರೆಗೆ ಬರಲಿಲ್ಲ.

ನೀಲಿಯ ಗುಡಾಣ

ನೀಲಿಯ ದಾರಿಯೇ ಬೇರೆ. ಅದಕ್ಕೆ ಪಟಿಕ ಬೇಡ, ಅಳಲೆ ಬೇಡ. ಆದರೆ ಅದು ನೀರಿನಲ್ಲಿ ಕರಗದು, ಕರಗದೆ ಎಳೆಯೊಳಗೆ ಇಳಿಯದು. ಹೊಲದಿಂದ ಕೊಯ್ದು ತಂದ ಗಿಡವನ್ನು ತೊಟ್ಟಿಯಲ್ಲಿ ನೆನೆಹಾಕಿದರೆ ಕೆಲವು ತಾಸುಗಳಲ್ಲಿ ಹುಳಿತು ಹಳದಿ ಹಸಿರು ನೀರಾಗುತ್ತದೆ. ಆ ನೀರನ್ನು ಬೇರೆ ತೊಟ್ಟಿಗೆ ಬಿಟ್ಟು ಕೋಲು ಹುಟ್ಟುಗಳಿಂದ ಬಡಿಯುತ್ತಾರೆ. ಗಾಳಿ ಬೆರೆತಂತೆ ನೀಲಿ ಕಣಗಳು ಕಟ್ಟಿ ತಳಕ್ಕೆ ಕೂರುತ್ತವೆ. ಅದನ್ನು ಸೋಸಿ, ಕಾಯಿಸಿ, ಒತ್ತಿ, ಬಿಲ್ಲೆಗಳಾಗಿ ಕತ್ತರಿಸಿ ಒಣಗಿಸಿದರೆ ವ್ಯಾಪಾರಕ್ಕೆ ಸಿದ್ಧ.

ಬಣ್ಣ ಹಾಕುವವನ ಕೆಲಸ ಅಲ್ಲಿಂದ ಮೊದಲಾಗುತ್ತದೆ. ಬಿಲ್ಲೆಯನ್ನು ನುಣ್ಣಗೆ ಅರೆದು, ಸುಣ್ಣದ ತಿಳಿ ಮತ್ತು ಬೇಯಿಸಿದ ತಗಚೆ ಬೀಜದೊಂದಿಗೆ ಗುಡಾಣದಲ್ಲಿ ಹಾಕಿ ಕೆಲವು ದಿನ ಹುಳಿಯಲು ಬಿಡುತ್ತಾರೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಕಳೆ ಈ ತಗಚೆ. ಅದರ ಬೀಜ ಹುಳಿತಾಗ ಬೆಳೆಯುವ ಸೂಕ್ಷ್ಮಜೀವಿಗಳು ನೀಲಿಯನ್ನು ಕರಗುವ ರೂಪಕ್ಕೆ ತರುತ್ತವೆ. ಆಗ ಗುಡಾಣದ ನೀರು ನೀಲಿಯಲ್ಲ, ಹಸಿರು ಬೆರೆತ ಹಳದಿ, ಮೇಲೆ ತಾಮ್ರದ ಹೊಳಪಿನ ನೊರೆ. ಅದ್ದಿ ತೆಗೆದ ಬಟ್ಟೆ ಹಳದಿ ಹಸಿರಾಗಿ ಹೊರಬಂದು, ಗಾಳಿಗೆ ನಮ್ಮ ಕಣ್ಣೆದುರೇ ನೀಲಿಯಾಗುತ್ತದೆ. ಹೆಚ್ಚು ಸಲ ಅದ್ದಿದಷ್ಟೂ ಕಡುವಾಗುತ್ತ ಕಪ್ಪಿನ ಹತ್ತಿರಕ್ಕೆ ಬರುತ್ತದೆ. ಹೆಚ್ಚು ಬಿಸಿಯಾದರೂ ಕೆಟ್ಟೀತು, ತಣ್ಣಗಾದರೂ ಕೆಟ್ಟೀತು. ವಾಸನೆ ನೋಡಿ ಗುಡಾಣದ ಆರೋಗ್ಯ ಹೇಳುವವನೇ ಒಳ್ಳೆಯ ನೀಲಗಾರ.

ನಮ್ಮ ಸೀಮೆಯಲ್ಲಿ

ನಮ್ಮಲ್ಲಿ ನೀಲಗಾರ, ಬಣ್ಣಗಾರ, ರಂಗರೇಜ ಎಂಬ ಹೆಸರುಗಳು ಮನೆತನದ ಹೆಸರಾಗಿ, ಜಾತಿಯ ಹೆಸರಾಗಿ ಉಳಿದಿವೆ. ಮೈಸೂರು ಕಡೆಯ ಮಂಟೇಸ್ವಾಮಿ ಪರಂಪರೆಯ ಹಾಡುಗಾರರನ್ನೂ ನೀಲಗಾರರು ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಆ ಗಾಯಕರ ಮಾತಲ್ಲ, ಬಟ್ಟೆ ಅದ್ದುವ ಕಸುಬಿನವರ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬಗೆಬಗೆಯ ಬಣ್ಣದ ವಸ್ತ್ರಗಳ ಪ್ರಸ್ತಾಪವಿದೆ. ಆದರೆ ಅದು ಉಡುವ ದೊರೆಯ ದೃಷ್ಟಿಯ ಬರಹ. ನೇಯುವವರಲ್ಲಿ ಜೇಡರ ದಾಸಿಮಯ್ಯ ಇದ್ದಾನೆ, ಒಗೆಯುವವರಲ್ಲಿ ಮಡಿವಾಳ ಮಾಚಯ್ಯ ಇದ್ದಾನೆ. ನೇಯುವುದಕ್ಕೂ ಒಗೆಯುವುದಕ್ಕೂ ನಡುವೆ ಬಟ್ಟೆಯನ್ನು ಬಣ್ಣದಲ್ಲಿ ಅದ್ದಿದವನ ಹೆಸರು ನಮಗೆ ಅಷ್ಟು ಸುಲಭವಾಗಿ ನೆನಪಾಗುವುದಿಲ್ಲ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಬೆಂಗಳೂರಿನ ನೇಕಾರರನ್ನೂ ಬಣ್ಣ ಹಾಕುವವರನ್ನೂ ಅವನು ವಿಚಾರಿಸಿ ಬರೆದಿದ್ದಾನೆ. ಒಳನಾಡಿನಲ್ಲಿ ಹತ್ತಿಗೆ ಕೆಂಪು ಕೊಡುತ್ತಿದ್ದದ್ದು ಮಡ್ಡಿಯ ಬೇರು. ಇಂದು ‘ನೋನಿ’ ಎಂಬ ಹೆಸರಿನಲ್ಲಿ ಬಾಟಲಿಗೆ ತುಂಬಿ ರಸ ಮಾರುತ್ತಾರಲ್ಲ, ಅದೇ ಕುಲದ ಗಿಡ. ಹಣ್ಣನ್ನು ಯಾರೂ ಕೇಳುತ್ತಿರಲಿಲ್ಲ, ಬೇರಿಗೆ ಬೆಲೆಯಿತ್ತು. ಕಂಪನಿ ಸರ್ಕಾರಕ್ಕೆ ಬೇಕಾಗಿದ್ದದ್ದು ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ಸಾಗಿಸಬಹುದು ಎಂಬ ಲೆಕ್ಕ. ಆ ಲೆಕ್ಕದ ನಡುವೆಯೇ ನಮ್ಮ ಕಸುಬುದಾರರ ಕೈಚಳಕ ದಾಖಲಾಗಿ ಉಳಿಯಿತು.

ಕರಾವಳಿಯದು ಇನ್ನೊಂದು ಕಥೆ, ಅದರಲ್ಲಿ ರೈನ್ ನದಿಯ ನಂಟಿದೆ. ಅದೇ ನದಿಯ ಮೇಲಿರುವ ಬಾಸೆಲ್ ಊರಿನ ಮಿಶನ್ನು 1851ರಲ್ಲಿ ಮಂಗಳೂರಿಗೆ ಹಾಲರ್ ಎಂಬ ನುರಿತ ನೇಕಾರನನ್ನು ಕಳಿಸಿತು. ಅವನ ನೇಯ್ಗೆ ಶಾಲೆಯಲ್ಲಿ ಗೇರಿನ ಸಂಬಂಧದ ಸಸ್ಯರಸದಿಂದ ಖಾಕಿ ಬಣ್ಣ ತಯಾರಾಯಿತೆಂದೂ, ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲೆಂದೂ ನಾವು ಹೆಮ್ಮೆಯಿಂದ ಹೇಳುತ್ತೇವೆ. ಇಲ್ಲಿ ಸ್ವಲ್ಪ ತಡೆದು ನೋಡಬೇಕು. ‘ಖಾಕಿ’ ಎಂದರೆ ಮಣ್ಣಿನ, ಧೂಳಿನ ಬಣ್ಣ ಎಂಬರ್ಥದ ಶಬ್ದ. 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ದಳದ ಸಿಪಾಯಿಗಳು ಹಾಲರ್ ಮಂಗಳೂರಿಗೆ ಇಳಿಯುವ ಮೊದಲೇ ಸ್ಥಳೀಯ ಬಣ್ಣದಲ್ಲಿ ಅದ್ದಿದ ಖಾಕಿ ಉಡುತ್ತಿದ್ದರು. ಹೆಸರೂ ಬಳಕೆಯೂ ಮೊದಲೇ ಇದ್ದವು. ಮಂಗಳೂರಿನ ಹೆಚ್ಚಳವಿರುವುದು ಸ್ಥಳೀಯ ಗಿಡದಿಂದ ಗಟ್ಟಿಯಾದ ಖಾಕಿ ಬಟ್ಟೆಯನ್ನು ದೊಡ್ಡ ಮೊತ್ತದಲ್ಲಿ ತಯಾರಿಸಿದ್ದರಲ್ಲಿ. ಅಷ್ಟು ಹೇಳಿದರೂ ಮಂಗಳೂರಿನ ಗೌರವಕ್ಕೆ ಕುಂದಿಲ್ಲ.

ಇದೇ ಮಿಶನ್ನಿನ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನೀಲಿ, ಮಂಜಿಷ್ಠ, ಅಳಲೆ, ಕುಸುಬೆ ಮೊದಲಾದ ಶಬ್ದಗಳು ಅದರ ಪುಟಗಳಲ್ಲಿ ಸೇರಿಕೊಂಡ ಮೂರೇ ವರ್ಷಕ್ಕೆ, ಕಿಟ್ಟೆಲರ ತಾಯ್ನಾಡಿನ ಕಾರ್ಖಾನೆಯೊಂದರಿಂದ ನೀಲಿಯ ಗಿಡಕ್ಕೆ ಮರಣಶಾಸನ ಹೊರಟಿತು.

ನಿಷೇಧದಿಂದ ನಕಲಿನವರೆಗೆ

ಆ ಮೊದಲು ಯುರೋಪು ಭಾರತದ ಬಣ್ಣಕ್ಕೆ ಹೆದರಿದ ಕಾಲವೂ ಇತ್ತು. ಜರ್ಮನಿಯ ಎರ್‌ಫುರ್ಟ್ ಮೊದಲಾದ ಊರುಗಳು ‘ವೈಡ್’ ಎಂಬ ಸ್ಥಳೀಯ ನೀಲಿ ಗಿಡದಿಂದ ಸಿರಿವಂತವಾಗಿದ್ದವು. 1577ರ ಸಾಮ್ರಾಜ್ಯದ ಕಟ್ಟಳೆಯೊಂದು ಬಟ್ಟೆಯನ್ನು ತಿನ್ನುವ ‘ಸೈತಾನನ ಬಣ್ಣ’ ಎಂದು ಹೊರಗಿನ ನೀಲಿಯನ್ನು ನಿಷೇಧಿಸಿತು. ವೈಡ್ ಗಿಡದ ನೀಲಿಯೂ ನಮ್ಮ ನೀಲಿಯೂ ಒಂದೇ ವಸ್ತು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಫ್ರಾನ್ಸ್ 1686ರಿಂದ 1759ರವರೆಗೆ ಭಾರತದ ಚೀಟಿ ಬಟ್ಟೆಯನ್ನೂ ಅದರ ನಕಲನ್ನೂ ನಿಷೇಧಿಸಿತು. ಇಂಗ್ಲೆಂಡ್ 1700ರ ಕಾಯಿದೆಯಿಂದ ಆಮದನ್ನು ತಡೆಯಿತು, 1721ರ ಕಾಯಿದೆಯಿಂದ ಉಡುವುದನ್ನೇ ಬಹುಮಟ್ಟಿಗೆ ತಡೆಯಿತು. 1774ರಲ್ಲಿ ಆ ಕಾಯಿದೆ ತೆಗೆಯುವ ಹೊತ್ತಿಗೆ ಅಲ್ಲಿನ ಅಚ್ಚಿನ ಉದ್ಯಮ ತನ್ನ ಕಾಲ ಮೇಲೆ ನಿಂತಿತ್ತು. ಜರ್ಮನಿಯ ಔಗ್ಸ್‌ಬುರ್ಗ್‌ನಲ್ಲಿ ಶ್ಯೂಲೆ ಎಂಬ ಉದ್ಯಮಿ ಕಟ್ಟಿಸಿದ ಅರಮನೆಯಂಥ ಅಚ್ಚು ಬಟ್ಟೆ ಕಾರ್ಖಾನೆಯೂ ಈ ಕಾಲದ್ದೇ.

ಆಮೇಲೆ ಬಂದದ್ದು ಡಾಂಬರಿನ ಬಣ್ಣ. 1856ರಲ್ಲಿ ಲಂಡನ್ನಿನ ಪರ್ಕಿನ್ ಅನಿಲಿನಿನಿಂದ ನೇರಳೆ ಬಣ್ಣ ತೆಗೆದ. 1865ರಲ್ಲಿ ಬಿ.ಎ.ಎಸ್.ಎಫ್. ಹುಟ್ಟಿತು. 1868ರಲ್ಲಿ ಗ್ರೇಬೆ, ಲೀಬರ್‌ಮನ್ ಎಂಬ ಇಬ್ಬರು ಅಲಿಜರಿನ್ನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1869ರ ಜೂನ್ 25ರಂದು ಅವರೂ ಕಾರೊ ಎಂಬ ರಸಾಯನಜ್ಞನೂ ಸೇರಿ ಲಂಡನ್ನಿನಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟರು. ಪರ್ಕಿನ್ ಅರ್ಜಿ ಕೊಟ್ಟದ್ದು ಮರುದಿನ! ನೀಲಿ ಅಷ್ಟು ಬೇಗ ಬಗ್ಗಲಿಲ್ಲ. ಬೇಯರ್ ಅದರ ರಚನೆಯನ್ನು 1883ರಲ್ಲಿ ಬಿಡಿಸಿದರೂ, ಅಗ್ಗವಾಗಿ ತಯಾರಿಸಲು ಇನ್ನೂ ಹದಿನಾಲ್ಕು ವರ್ಷ ಹಿಡಿಯಿತು. ಬಿ.ಎ.ಎಸ್.ಎಫ್. 1.8 ಕೋಟಿ ಮಾರ್ಕು ಸುರಿದು 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಆ ವರ್ಷ ಲೋಕದಲ್ಲಿ ಗಿಡದ ನೀಲಿಯ ಉತ್ಪಾದನೆ ಸುಮಾರು 19,000 ಟನ್. 1914ಕ್ಕೆ ಅದು ಸುಮಾರು 1,000 ಟನ್ನಿಗೆ ಇಳಿಯಿತು.

ಸೋತವರು ಯಾರು?

ಇಲ್ಲಿಗೆ ಕಥೆ ನಿಲ್ಲಿಸಿದರೆ, ನಮ್ಮ ಒಳ್ಳೆಯ ಗಿಡದ ಬಣ್ಣವನ್ನು ಪರದೇಶದ ಕೆಟ್ಟ ಬಣ್ಣ ಕೊಂದಿತು ಎಂದಾಗುತ್ತದೆ. ನಾನೂ ಈ ಲೇಖನಕ್ಕೆ ಓದಲು ಕುಳಿತದ್ದು ಅದೇ ನಂಬಿಕೆಯಿಂದ. ಆದರೆ ಗಿಡದ ನೀಲಿಯಲ್ಲೂ ರಕ್ತದ ಕಲೆಯಿದೆ. ಬಂಗಾಳದಲ್ಲಿ ಬಿಳಿಯ ತೋಟಗಾರರು ಮುಂಗಡದ ಸಾಲದಲ್ಲಿ ರೈತರನ್ನು ಕಟ್ಟಿಹಾಕಿ, ಭತ್ತದ ಗದ್ದೆಯಲ್ಲಿ ನೀಲಿ ಬಿತ್ತಿಸಿದರು. 1859-60ರಲ್ಲಿ ರೈತರು ಬಿತ್ತುವುದಿಲ್ಲವೆಂದು ತಿರುಗಿಬಿದ್ದರು. ದೀನಬಂಧು ಮಿತ್ರರ ‘ನೀಲ್ ದರ್ಪಣ’ ನಾಟಕ ಬಂದದ್ದು 1860ರಲ್ಲಿ. ಬಿಹಾರದ ಚಂಪಾರಣ್ಯದಲ್ಲಿ 20 ಕಠ್ಠಾ ನೆಲದಲ್ಲಿ 3 ಕಠ್ಠಾದಷ್ಟನ್ನು ನೀಲಿಗೆ ಬಿಡಲೇಬೇಕೆಂಬ ತೀನ್‌ಕಠಿಯಾ ಪದ್ಧತಿ ಇತ್ತು.

ಲುಡ್ವಿಗ್ಸ್‌ಹಾಫೆನ್‌ನ ನೀಲಿ ಬಂದು ಬೆಲೆ ಬಿದ್ದಾಗ ರೈತನಿಗೆ ಬಿಡುಗಡೆ ಸಿಗಬೇಕಿತ್ತಲ್ಲ? ತೋಟಗಾರರು ತಮ್ಮ ನಷ್ಟವನ್ನೂ ರೈತನ ತಲೆಗೇ ಕಟ್ಟಿದರು. ನೀಲಿ ಬೆಳೆಯುವ ಕರಾರಿನಿಂದ ಬಿಡಿಸಿಕೊಳ್ಳಬೇಕಾದರೆ ಹೆಚ್ಚಿನ ಗೇಣಿ ಕೊಡು, ಇಲ್ಲವೆ ಇಡುಗಂಟು ಕೊಡು ಎಂದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದಾಗ ವಿಚಾರಣೆಗೆ ಬಂದದ್ದು ಈ ಅನ್ಯಾಯ. ಮರುವರ್ಷ ಕಾಯಿದೆಯಾಗಿ ತೀನ್‌ಕಠಿಯಾ ರದ್ದಾಯಿತು. ರೈನ್ ದಂಡೆಯ ಪ್ರಯೋಗಾಲಯಕ್ಕೂ ಚಂಪಾರಣ್ಯದ ಸತ್ಯಾಗ್ರಹಕ್ಕೂ ನಡುವೆ ಇರುವ ಈ ದಾರವನ್ನು ನಾವು ಶಾಲೆಯಲ್ಲಿ ಓದಲಿಲ್ಲ.

ಬಣ್ಣಗಾರರ ಮಾತೂ ಅಷ್ಟು ಸರಳವಲ್ಲ. ಚಾಯ, ಮಡ್ಡಿಯ ಬೇರನ್ನು ಅಗೆದು, ಕುಟ್ಟಿ, ವಾರಗಟ್ಟಲೆ ದುಡಿಯುವ ಬದಲು ಡಬ್ಬಿಯ ಅಲಿಜರಿನ್ ಹಾಕಿದರೆ ಅದೇ ಕೆಂಪು ಕಡಿಮೆ ಖರ್ಚಿನಲ್ಲಿ ಬರುತ್ತಿತ್ತು. ಎಷ್ಟೋ ಬಣ್ಣಗಾರರು ತಾವೇ ಅದನ್ನು ಆರಿಸಿಕೊಂಡರು. ಅದನ್ನು ಮೋಸ ಎನ್ನಲಾರೆವು. ಆದರೆ ಡಬ್ಬಿಯ ಬಣ್ಣ ಯಾರು ಬೇಕಾದರೂ ಹಾಕಬಹುದಾದ್ದು. ಬಾವಿಯ ನೀರಿನ ರುಚಿ ನೋಡುವ ನಾಲಿಗೆಗೆ, ಗುಡಾಣದ ವಾಸನೆ ಬಲ್ಲ ಮೂಗಿಗೆ ಬೆಲೆ ಹೋಯಿತು. ಮಡ್ಡಿ ಬೇರು ಅಗೆಯುತ್ತಿದ್ದವನ, ಅಳಲೆಕಾಯಿ ಆಯುತ್ತಿದ್ದವಳ ಕೂಲಿ ಹೋಯಿತು. 1890ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಪ್ರಾಂತವಾರು ಬಣ್ಣದ ಕಸುಬಿನ ವರದಿಗಳನ್ನು ಬರೆಸಿತು. ಧಾರವಾಡ, ಬೆಳಗಾವಿ, ವಿಜಾಪುರಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತದ ವರದಿ 1896ರದು. ಕಸುಬು ಕಣ್ಮರೆಯಾಗುತ್ತಿದ್ದ ಹೊತ್ತಿನ ದಾಖಲೆಗಳು ಅವು. ಅಳಿಯುವಾಗ ಬರೆದಿಟ್ಟವರು ಆಳುವವರು. ನಮ್ಮ ಭಾಷೆಯಲ್ಲಿ ನಮ್ಮವರು ಬರೆದಿಡಲಿಲ್ಲ.

ಉಳಿದದ್ದು, ಉಳಿಸಬೇಕಾದ್ದು

ಈಗ ಗಿಡದ ಬಣ್ಣಕ್ಕೆ ಮತ್ತೆ ಬೇಡಿಕೆ ಬಂದಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ರಂಗಕರ್ಮಿ ಪ್ರಸನ್ನ ಅವರ ಮುಂದಾಳತನದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘ ಕೈಮಗ್ಗದ ಹತ್ತಿ ಬಟ್ಟೆಗೆ ಗಿಡದ ಬಣ್ಣ ಹಾಕುತ್ತ ಬಂದಿದೆ. ಅಡಿಕೆ ಬೇಯಿಸಿದ ಚೊಗರಿನಿಂದ ಬರುವ ಕೆಂಗಂದು ಅವರ ಗುರುತಿನ ಬಣ್ಣ. ಮಲೆನಾಡಿನ ಅಡಿಕೆ ಮನೆಗಳವರಿಗೆ ಚೊಗರಿನ ಕಲೆ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ ಎಂಬುದು ಎಂದಿನಿಂದಲೂ ಗೊತ್ತು. ಒಗರು ತಾನೇ ಎಳೆಯನ್ನು ಹಿಡಿಯುವ ಆ ಗುಣವನ್ನು ಅಲ್ಲಿನ ಹೆಣ್ಣುಮಕ್ಕಳು ಕಸುಬಾಗಿ ಮಾಡಿದ್ದಾರೆ. ಇತ್ತ ಜರ್ಮನಿಯಲ್ಲೂ ನೀಲಿಯ ಅಚ್ಚುಬಟ್ಟೆಯ ಕುಶಲಕಲೆ ‘ಬ್ಲೌಡ್ರುಕ್’ ಉಳಿದುಕೊಂಡಿದೆ. ಆಸ್ಟ್ರಿಯಾ, ಚೆಕ್, ಹಂಗೇರಿ, ಸ್ಲೊವಾಕಿಯಾಗಳೊಂದಿಗೆ ಜರ್ಮನಿಯೂ ಸೇರಿ ಸಲ್ಲಿಸಿದ ಕೋರಿಕೆಯಂತೆ 2018ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು. ವಾರಾಂತ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಅಂಥ ಕಾರ್ಯಾಗಾರಕ್ಕೆ ಹೋದವರು, ಗುಡಾಣದಿಂದ ಹಸಿರಾಗಿ ಬಂದ ಬಟ್ಟೆ ನೀಲಿಯಾಗುವುದನ್ನು ನೋಡಬಹುದು.

ಲೋಕದ ಜೀನ್ಸ್‌ಗಳಿಗೆಲ್ಲ ಗಿಡದ ನೀಲಿ ಹಾಕಹೊರಟರೆ ಅನ್ನ ಬೆಳೆಯುವ ನೆಲ ಎಷ್ಟು ಬೇಕಾದೀತು ಎಂಬುದನ್ನೂ ಚಂಪಾರಣ್ಯವನ್ನು ನೆನೆದು ಯೋಚಿಸಬೇಕು. ಗಿಡದ ಬಣ್ಣ ಎಲ್ಲರ ಎಲ್ಲ ಬಟ್ಟೆಗೂ ಉತ್ತರವಲ್ಲ. ಆದರೆ ಕಸುಬು ಉಳಿದ ಕಡೆ ಕೂಲಿ ಸರಿಯಾಗಿ ಸಿಗಬೇಕು, ಮತ್ತು ಈ ಸಲ ಹೆಸರು ಉಳಿಯಬೇಕು.

ನಮ್ಮ ಸಂಘದ ಸದಸ್ಯರಲ್ಲಿ ನನ್ನದೊಂದು ಕೋರಿಕೆ. ನಮ್ಮಲ್ಲಿ ಹಲವರ ಮನೆತನ ನೇಕಾರರದು, ಬಣ್ಣಗಾರರದು, ಒಗೆಯುವವರದು, ಅಡಿಕೆ ಬೆಳೆಯುವವರದು. ಊರಿಗೆ ಫೋನು ಮಾಡಿದಾಗ ಹಿರಿಯರನ್ನು ಕೇಳಿ: ಯಾವ ಬೇರು, ಯಾವ ತೊಗಟೆ, ಯಾವ ಹೂವಿನಿಂದ ಏನು ಅದ್ದುತ್ತಿದ್ದರು, ಅದಕ್ಕೆ ಏನೆನ್ನುತ್ತಿದ್ದರು, ಅದ್ದುತ್ತಿದ್ದವರ ಹೆಸರೇನು. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಬೋಲ್ಯು ಹಾಳೆಗೆ ಬಟ್ಟೆಯ ಚೂರನ್ನು ಅಂಟಿಸಿದ, ನಾವು ಅದರ ಪಕ್ಕದಲ್ಲಿ ಹೆಸರನ್ನೂ ಬರೆಯೋಣ.

ನಾನು ಶುರುಮಾಡಿದ್ದೇನೆ. ಚಂದ್ರಕಾಳಿ ಸೀರೆಯನ್ನು ಅದ್ದಿದವರು ಯಾರೆಂದು ಅವ್ವನಿಗೆ ಗೊತ್ತಿಲ್ಲ. ಆದರೆ ನಮ್ಮ ಆಯಿ ಅದನ್ನು ಕೊಂಡ ಸಂತೆ ಯಾವುದೆಂದು ಗೊತ್ತು. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿಂದಲೇ ಕೇಳುತ್ತ ಹೊರಡುವವನಿದ್ದೇನೆ.